ಕಟ್ ದಾಟಿದರೆ ಸಾಲದು: ಟೂರ್‌ನ ಕೆಳಸಾಲಿನಲ್ಲಿ ಆಡುವವರ ಲೆಕ್ಕ

ಪ್ರಶ್ನೆ: ತಮ್ಮ ಗಾಲ್ಫ್‌ನಲ್ಲಿ ಪ್ರೊ ಆಗಿದ್ದಾನೆ. ಕಣ್ಣಿರುವುದು ಅಮೆರಿಕದ ಟೂರ್ ಮೇಲೆ. ದೊಡ್ಡ ಹೆಸರು ಮಾಡದಿದ್ದರೂ ಹತ್ತು ವರ್ಷ ಆಟದಲ್ಲೇ ಹೊಟ್ಟೆ ಹೊರೆಯಬಹುದಾ? ಕಾರ್ಡ್ (ಟೂರ್ ಪಂದ್ಯ ಆಡುವ ಹಕ್ಕು), ದುಡ್ಡು, ಕ್ಯಾಡಿ (ಬ್ಯಾಗ್ ಹೊತ್ತು ಜತೆಗೆ ನಡೆಯುವವನು), ಕ್ಲಬ್ಬು (ಹೊಡೆಯುವ ಕೋಲು), ಎಲ್ಲಿ ಎಡವುತ್ತಾರೆ? ಬಲ್ಲವರು ಹೇಳಿ. ಧೈರ್ಯದ ಮಾತು ಬೇಡ, ಲೆಕ್ಕ ಬೇಕು.

ಉತ್ತರ: ಹೊರೆಯಬಹುದು. ಆದರೆ ಬಹುಮಾನದ ಹಣ ಹೇಗೆ ಹಂಚಿಹೋಗುತ್ತದೆ ಅನ್ನುವುದು ಮೊದಲು ತಲೆಗೆ ಹೋಗಬೇಕು. ಅಮೆರಿಕದ ಆ ಟೂರ್, ಅಂದರೆ ಪಿಜಿಎ ಟೂರ್‌ನ ಮಾಮೂಲಿ ಪಂದ್ಯದಲ್ಲಿ 36 ಹೋಲ್ (ಮೊದಲ ಎರಡು ಸುತ್ತು) ಆದಮೇಲೆ ಮೊದಲ 65 ಸ್ಥಾನದವರು, ಅವರ ಜತೆ ಸಮನಾಗಿ ನಿಂತವರು ಮಾತ್ರ ಉಳಿಯುತ್ತಾರೆ, ಇದೇ ಕಟ್. ಗೆದ್ದವನಿಗೆ ಒಟ್ಟು ಮೊತ್ತದ ಶೇ. 18, ಎರಡನೆಯವನಿಗೆ ಸುಮಾರು 11, ಹತ್ತನೆಯವನಿಗೆ 2.7ರ ಆಸುಪಾಸು. 65ನೆಯವನಿಗೆ? 0.2. ಒಂದು ಸಲ ಹತ್ತನೆಯವನಾಗುವುದೂ ಹನ್ನೆರಡು ಸಲ ಬಾಲದಲ್ಲಿ ಬರುವುದೂ ಒಂದೇ. 20 ಕಟ್ ದಾಟಿ ಎಲ್ಲದರಲ್ಲೂ 50–60ರ ನಡುವೆ ಮುಗಿಸಿದವನಿಗಿಂತ, ಒಂಬತ್ತೇ ಕಟ್ ದಾಟಿ ಎರಡು ಸಲ ಮೊದಲ ಹತ್ತರಲ್ಲಿ ಬಂದವನ ಕೈಯಲ್ಲಿ ಹೆಚ್ಚು ದುಡ್ಡಿರುತ್ತದೆ. ಹಾಗಾಗಿ ಅಂಚಿನಲ್ಲಿ ಕಟ್ ದಾಟಿದವನಿಗೆ ಶನಿವಾರ ಕಾಪಾಡಿಕೊಳ್ಳಲು ಏನೂ ಇಲ್ಲ. 65ಕ್ಕೂ 50ಕ್ಕೂ ನಡುವೆ ಇರುವುದು ಚಿಲ್ಲರೆ. ಮುನ್ನುಗ್ಗಿ ಆಡಲಿ.

ಇನ್ನೊಬ್ಬರು: ಲೆಕ್ಕ ಸರಿ ಸರ್, ಆದರೆ "ಮುನ್ನುಗ್ಗಿ" ಅಂದರೆ ಹುಡುಗರು ಧ್ವಜಕ್ಕೇ ಗುರಿಯಿಡುತ್ತಾರೆ, ಅಲ್ಲೇ ಕೆಡುವುದು. ಪಿನ್ ಶೀಟ್‌ನಲ್ಲಿ (ಆ ದಿನ ಧ್ವಜ ಎಲ್ಲಿದೆ ಎಂದು ಹೇಳುವ ಹಾಳೆ) 22, ಎಡಕ್ಕೆ 4 ಅಂತ ಇದೆ ಅಂದುಕೊಳ್ಳಿ: ಗ್ರೀನ್‌ನ (ಕುಳಿಯ ಸುತ್ತಲಿನ ನುಣುಪು ಹುಲ್ಲಿನ) ಮುಂಭಾಗದಿಂದ 22 ಹೆಜ್ಜೆ, ಎಡ ಅಂಚಿನಿಂದ ಬರೀ ನಾಲ್ಕು. 160 ಗಜದಿಂದ ಟೂರ್ ಆಟಗಾರನ ಚೆಂಡು ಕುಳಿಯಿಂದ ಸರಾಸರಿ 25–30 ಅಡಿ ದೂರದಲ್ಲಿ ನಿಲ್ಲುತ್ತದೆ. ನಾಲ್ಕು ಹೆಜ್ಜೆ ಅಂದರೆ 12 ಅಡಿ. ಧ್ವಜಕ್ಕೇ ಹೊಡೆದರೆ ಎಷ್ಟೋ ಚೆಂಡು ಎಡಕ್ಕೆ ಗ್ರೀನ್ ಆಚೆ ಬಿದ್ದು, ಅಲ್ಲಿಂದ ಚಿಪ್ (ಸಣ್ಣ ಹೊಡೆತ) ನಿಲ್ಲಿಸಲು ಜಾಗವೇ ಇರುವುದಿಲ್ಲ. ಗುರಿ ಧ್ವಜದ ಬಲಕ್ಕೆ ಐದಾರು ಹೆಜ್ಜೆ ಸರಿಯಲಿ. ಇನ್ನು ಪಟ್ (ಗ್ರೀನ್ ಮೇಲೆ ಉರುಳಿಸುವ ಹೊಡೆತ): ಟೂರ್ ಮಟ್ಟದಲ್ಲೂ 8 ಅಡಿಯದ್ದು ಅರ್ಧಕ್ಕರ್ಧ ತಪ್ಪುತ್ತದೆ, 20 ಅಡಿಯದ್ದು ನೂರರಲ್ಲಿ 15 ಬಿದ್ದರೆ ಹೆಚ್ಚು. ಸಾಹಸವನ್ನು ಪಾರ್-5ಗಳಿಗೆ (ಐದು ಹೊಡೆತದ ಉದ್ದದ ಹೋಲ್) ಇಟ್ಟುಕೊಳ್ಳಲಿ. ಎರಡನೇ ಹೊಡೆತ ಗ್ರೀನ್ ಹತ್ತಿರದ ಮರಳುಗುಂಡಿ, ಅಂದರೆ ಬಂಕರ್‌ಗೆ ಬಿದ್ದರೂ ನಷ್ಟ ಕಡಿಮೆ.

ಕಾರ್ಡ್ ವಿಷಯ: ದಾರಿ ಕಿರಿದಾಗಿದೆ. 2025ರ ಸಾಲಿನಿಂದ ಪೂರ್ಣ ಕಾರ್ಡ್ ಉಳಿಸಿಕೊಳ್ಳುವವರು 125ರಿಂದ 100ಕ್ಕೆ ಇಳಿದರು, ಒಂದು ಮೆಟ್ಟಿಲು ಕೆಳಗಿನ ಕಾರ್ನ್ ಫೆರ್ರಿ ಟೂರ್‌ನಿಂದ ಮೇಲೇರುವವರು 30ರಿಂದ 20ಕ್ಕೆ. ಕ್ಯೂ-ಸ್ಕೂಲ್‌ನ (ಕಾರ್ಡ್‌ಗಾಗಿ ನಡೆಯುವ ಅರ್ಹತಾ ಪಂದ್ಯ) ಕೊನೇ ಹಂತದಲ್ಲಿ ಸಿಗುವುದು ಐದೇ ಐದು ಕಾರ್ಡ್. ಕಾರ್ಡ್ ಸಿಕ್ಕಿತೆಂದರೆ ಎಲ್ಲ ಪಂದ್ಯಕ್ಕೂ ಪ್ರವೇಶ ಅಂತ ಮನೆಯವರು ತಿಳಿಯುತ್ತಾರೆ, ಇಲ್ಲ. ಕೆಳಗಿನಿಂದ ಬಂದವರ ಸರದಿಯನ್ನು ಸೀಸನ್ ನಡುವೆ ಪಾಯಿಂಟ್ ನೋಡಿ ಮತ್ತೆ ಜೋಡಿಸುತ್ತಾರೆ. ಶುರುವಿನ ಪಂದ್ಯಗಳನ್ನು ಬಿಟ್ಟು ವಿಶ್ರಾಂತಿ ತೆಗೆದುಕೊಂಡವನು ಬೇಸಿಗೆಯಲ್ಲಿ ಬದಲಿಯವರ ಪಟ್ಟಿಯಲ್ಲಿ ಇರುತ್ತಾನೆ. ಮಂಡೇ ಕ್ವಾಲಿಫೈಯರ್ (ಪಂದ್ಯದ ವಾರದ ಸೋಮವಾರದ ಅರ್ಹತಾ ಸುತ್ತು) ನಂಬಿ ವರ್ಷದ ಯೋಜನೆ ಹಾಕಬೇಡಿ: 18 ಹೋಲ್, ಹೆಚ್ಚೆಂದರೆ ನಾಲ್ಕು ಸ್ಥಾನ, 66 ಹೊಡೆದೂ ಮನೆಗೆ ಹೋಗುವವರಿದ್ದಾರೆ.

ಕ್ಯಾಡಿ ಬಗ್ಗೆ: ವಾರಕ್ಕೊಂದು ನಿಗದಿ ಸಂಬಳ, ಅದರ ಮೇಲೆ ಕಟ್ ದಾಟಿದರೆ ಬಹುಮಾನದ ಶೇ. 5, ಮೊದಲ ಹತ್ತಕ್ಕೆ 7, ಗೆದ್ದರೆ 10. ಇದು ವಾಡಿಕೆ, ನಿಯಮವಲ್ಲ. ಜಗಳ ಹುಟ್ಟುವುದು ಇಲ್ಲಿ: ವಿದೇಶದ ಪಂದ್ಯದಲ್ಲಿ ತೆರಿಗೆ ಮೂಲದಲ್ಲೇ ಕಡಿತವಾಗುತ್ತದೆ. ಕ್ಯಾಡಿಯ ಪಾಲು ಕಡಿತಕ್ಕೆ ಮುಂಚಿನ ಮೊತ್ತದ ಮೇಲೋ, ಕೈಗೆ ಬಂದದ್ದರ ಮೇಲೋ? ವಿಮಾನದ ಟಿಕೆಟ್ ಯಾರದ್ದು? ಮೊದಲೇ ಬರೆದಿಟ್ಟುಕೊಳ್ಳಿ. ತೆರಿಗೆ ಕಡಿತದ ಪ್ರಮಾಣಪತ್ರ ಆಯಾ ವಾರವೇ ಕೇಳಿ ಪಡೆಯಬೇಕು, ವರ್ಷದ ಕೊನೆಗೆ ಹುಡುಕಿದರೆ ಸಿಗುವುದಿಲ್ಲ.

ಸಾಮಾನು: ವೆಜ್ (ಗ್ರೀನ್ ಹತ್ತಿರದ ಹೊಡೆತದ ಕ್ಲಬ್) ಮೇಲಿನ ಗೆರೆ ಸವೆದರೆ ಚೆಂಡಿನ ತಿರುಗು ಕಡಿಮೆಯಾಗಿ, ನಿಲ್ಲಬೇಕಾದ ಕಡೆ ಉರುಳಿಬಿಡುತ್ತದೆ. ಬಂಕರ್ ಅಭ್ಯಾಸ ಗೆರೆಯನ್ನು ಬೇಗ ತಿನ್ನುತ್ತದೆ. ಅದಕ್ಕೆ ಹಳೆಯ ವೆಜ್ ಬೇರೆ ಇರಲಿ. ಫೋರ್ಜ್ಡ್ (ಬಡಿದು ಮಾಡಿದ) ತಲೆಯ ಐರನ್‌ಗಳು ಮೆತ್ತಗೆ, ಪ್ರಯಾಣದಲ್ಲೂ ಗಟ್ಟಿ ಮ್ಯಾಟ್ ಮೇಲೂ ಲಾಫ್ಟ್, ಲೈ (ತಲೆಯ ಎರಡು ಓರೆಗಳು) ಒಂದು ಡಿಗ್ರಿ ಜರುಗಬಹುದು. ಆಗಾಗ ಯಂತ್ರದಲ್ಲಿ ಅಳೆಸಿ. ಪ್ರಯಾಣಕ್ಕೆ ಮುಂಚೆ ಡ್ರೈವರ್‌ನ (ಅತಿ ಉದ್ದದ ಕ್ಲಬ್) ತಲೆ ಬಿಚ್ಚಿ ಕಾಲುಚೀಲದಲ್ಲಿ ಸುತ್ತಿ. ಬ್ಯಾಗಿನಲ್ಲಿ ಡ್ರೈವರ್‌ಗಿಂತ ಉದ್ದದ ಆಧಾರದ ಕೋಲು ಇರಲೇಬೇಕು. ಶೂ, ಗ್ಲೌಸ್, ಯಾರ್ಡೇಜ್ ಪುಸ್ತಕ (ಮೈದಾನದ ದೂರಗಳ ಕೈಪಿಡಿ) ಕೈಚೀಲಕ್ಕೆ. ಮೊದಲ ಟೀಯಲ್ಲಿ (ಆಟ ಶುರುವಾಗುವ ಜಾಗ) ಕ್ಲಬ್ ಎಣಿಸುವುದು ನಾಚಿಕೆಯ ಕೆಲಸವಲ್ಲ. ಹದಿನಾಲ್ಕರ ಮಿತಿ ಮೀರಿ ಹದಿನೈದನೆಯದ್ದು ಸಿಕ್ಕಿಬಿದ್ದರೆ ಹೋಲ್‌ಗೆ ಎರಡು ಪೆನಾಲ್ಟಿ ಹೊಡೆತ, ಒಂದು ಸುತ್ತಿನಲ್ಲಿ ಗರಿಷ್ಠ ನಾಲ್ಕು.

ಪ್ರಶ್ನೆ ಕೇಳಿದವರು: ಸ್ಕೋರ್‌ಕಾರ್ಡ್ ವಿಷಯದಲ್ಲೂ ಎಚ್ಚರ ಬೇಕು ಅಂತಾರಲ್ಲ, ಅಷ್ಟು ದೊಡ್ಡದಾ?

ಉತ್ತರ: ದೊಡ್ಡದೇ. ಹೋಲ್‌ನಲ್ಲಿ ಹೊಡೆದದ್ದಕ್ಕಿಂತ ಕಡಿಮೆ ಬರೆದ ಕಾರ್ಡ್‌ಗೆ ಸಹಿ ಹಾಕಿದರೆ ಪಂದ್ಯದಿಂದಲೇ ಹೊರಕ್ಕೆ, ಹೆಚ್ಚು ಬರೆದಿದ್ದರೆ ಆ ಹೆಚ್ಚೇ ಖಾಯಂ. 1968ರ ಮಾಸ್ಟರ್ಸ್‌ನಲ್ಲಿ ರಾಬರ್ಟೊ ಡಿ ವಿಸೆಂಜೊ 17ನೇ ಹೋಲ್‌ನಲ್ಲಿ ಮೂರು ಹೊಡೆದಿದ್ದರು. ಅವರ ಕಾರ್ಡ್ ಬರೆಯುತ್ತಿದ್ದ ಜತೆಗಾರ ನಾಲ್ಕೆಂದು ಬರೆದದ್ದಕ್ಕೆ ಸಹಿ ಹಾಕಿ, ಸಮಬಲದವರ ನಡುವಿನ ನಿರ್ಣಾಯಕ ಆಟವಾದ ಪ್ಲೇಆಫ್‌ನ ಅವಕಾಶವನ್ನೇ ಕಳಕೊಂಡರು. ಸಹಿಗೆ ಮುನ್ನ ಹೋಲ್ ಹೋಲ್ ಓದಿ ಹೇಳಲಿ, ಜತೆಗಾರ ತನ್ನ ಹಾಳೆ ನೋಡಿ ಹೂಂ ಅನ್ನಲಿ. ಒಟ್ಟು ಮೊತ್ತ ಕೂಡಿಸುವುದು ಪಂದ್ಯ ನಡೆಸುವವರ ಜವಾಬ್ದಾರಿ, ಅದರಲ್ಲಿ ತಲೆ ಕೆಡಿಸಿಕೊಳ್ಳುವುದು ಬೇಡ.