ಪದಚರ್ಚೆ: 'ಗುತ್ತಿಗೆ' ಅಂದರೆ ಯಾವ ಗುತ್ತಿಗೆ? ರಾಕೆಟ್ ಕೆಲಸದ ಸರ್ಕಾರಿ ಕರಾರುಗಳಿಗೆ ಪದ ಬೇಕಾಗಿದೆ

ಗೆಳೆಯರೇ,

ನಾಸಾ ತನ್ನ ರಾಕೆಟ್ ಕೆಲಸಗಳನ್ನು ಕಂಪನಿಗಳಿಗೆ ಹೇಗೆ ವಹಿಸುತ್ತದೆ ಎಂಬುದರ ಬಗ್ಗೆ ಕನ್ನಡದಲ್ಲಿ ಒಂದು ಬರಹ ಸಿದ್ಧ ಮಾಡುತ್ತಿದ್ದೇನೆ. ರಾಕೆಟ್ಟಿನ ಪದಗಳಿಂದ ತೊಂದರೆಯಾಗಲಿಲ್ಲ. ಹಂತ, ಇಂಧನ, ಬೂಸ್ಟರ್, ಉಡಾವಣೆ ಎಲ್ಲವೂ ಓದುಗರಿಗೆ ಪರಿಚಯ ಇವೆ. ಕೆಲಸ ನಿಂತಿರುವುದು ದುಡ್ಡಿನ ಪದಗಳ ಹತ್ತಿರ. ಅದರಲ್ಲೂ 'ಗುತ್ತಿಗೆ' ಎಂಬ ಒಂದು ಪದದ ಹತ್ತಿರ.

ನಮ್ಮ ಪತ್ರಿಕೆಗಳು ಎಲ್ಲ ಕರಾರಿಗೂ 'ಗುತ್ತಿಗೆ' ಎಂದೇ ಬರೆಯುತ್ತವೆ. 2014ರ ಸೆಪ್ಟೆಂಬರ್‌ನಲ್ಲಿ ನಾಸಾ ಗಗನಯಾತ್ರಿಗಳನ್ನು ಬಾಹ್ಯಾಕಾಶ ನಿಲ್ದಾಣಕ್ಕೆ ಕರೆದೊಯ್ಯುವ ಕೆಲಸವನ್ನು ಬೋಯಿಂಗ್ ಮತ್ತು ಸ್ಪೇಸ್‌ಎಕ್ಸ್‌ಗೆ ಕೊಟ್ಟಿತು. ಬೋಯಿಂಗ್‌ಗೆ ಸುಮಾರು 420 ಕೋಟಿ ಡಾಲರ್, ಸ್ಪೇಸ್‌ಎಕ್ಸ್‌ಗೆ 260 ಕೋಟಿ ಡಾಲರ್. ಅದೂ ಗುತ್ತಿಗೆ. ಚಂದ್ರನತ್ತ ಹೋಗುವ ದೊಡ್ಡ ರಾಕೆಟ್ ಎಸ್‌ಎಲ್‌ಎಸ್‌ನ ನಡುಭಾಗವನ್ನು ಬೋಯಿಂಗ್ ಕಟ್ಟುತ್ತದೆ, ಪಕ್ಕದ ಬೂಸ್ಟರ್‌ಗಳನ್ನು ನಾರ್ಥ್ರಾಪ್ ಗ್ರಮನ್ ಮಾಡುತ್ತದೆ. ಅದೂ ಗುತ್ತಿಗೆ. ಆದರೆ ಈ ಎರಡರ ನಡುವಿನ ವ್ಯತ್ಯಾಸ ತಿಳಿಯದಿದ್ದರೆ ನಾಸಾದ ಇಪ್ಪತ್ತು ವರ್ಷದ ಕತೆಯೇ ಅರ್ಥವಾಗುವುದಿಲ್ಲ.

ಮೊದಲನೆಯದರಲ್ಲಿ ಮೊತ್ತವನ್ನು ಮುಂಚೆಯೇ ಕಟ್ಟಿ ಹಾಕಿದ್ದರು. ಖರ್ಚು ಜಾಸ್ತಿಯಾದರೆ ಅದು ಕಂಪನಿಯ ತಲೆಗೆ. ಹಾಗೆಯೇ ಆಯಿತು. ಈ ಕೆಲಸಕ್ಕೆಂದು ಬೋಯಿಂಗ್ ಕಟ್ಟಿದ ಸ್ಟಾರ್‌ಲೈನರ್ ನೌಕೆ ತಡವಾಗುತ್ತಾ ಹೋದಂತೆ 150 ಕೋಟಿ ಡಾಲರ್‌ಗಿಂತ ಹೆಚ್ಚಿನ ನಷ್ಟವನ್ನು ಬೋಯಿಂಗ್ ತನ್ನ ಲೆಕ್ಕದಲ್ಲೇ ಬರೆದುಕೊಳ್ಳಬೇಕಾಯಿತು. ಎರಡನೆಯದರಲ್ಲಿ ಹಾಗಿಲ್ಲ. ಕಂಪನಿ ಮಾಡಿದ ನ್ಯಾಯವಾದ ಖರ್ಚನ್ನೆಲ್ಲ ಸರ್ಕಾರ ಕೊಡುತ್ತದೆ, ಮೇಲೆ ಒಂದಿಷ್ಟು ಲಾಭವನ್ನೂ ಕೊಡುತ್ತದೆ. ಕೆಲಸ ಎಳೆದರೆ ಖರ್ಚು ಸರ್ಕಾರದ್ದು. 2022ರ ಮಾರ್ಚ್‌ನಲ್ಲಿ ನಾಸಾದ ಇನ್ಸ್‌ಪೆಕ್ಟರ್ ಜನರಲ್ (ಸಂಸ್ಥೆಯ ಖರ್ಚು, ಕೆಲಸಗಳ ತಪಾಸಣೆ ಮಾಡುವ ಅಧಿಕಾರಿ) ಆಗಿದ್ದ ಪಾಲ್ ಮಾರ್ಟಿನ್, ಇದೇ ದೊಡ್ಡ ರಾಕೆಟ್ ಬಳಸುವ ಆರ್ಟೆಮಿಸ್ ಎಂಬ ಚಂದ್ರಯಾನ ಯೋಜನೆಯ ಮೊದಲ ನಾಲ್ಕು ಹಾರಾಟಗಳಲ್ಲಿ ಒಂದೊಂದಕ್ಕೂ ಸುಮಾರು 410 ಕೋಟಿ ಡಾಲರ್ ಬೀಳುತ್ತದೆ ಎಂದು ಅಮೆರಿಕದ ಕಾಂಗ್ರೆಸ್ಸಿನ ಸಮಿತಿಗೆ ಹೇಳಿದರು. ಇದಕ್ಕೆ ಕರಾರುಗಳ ಈ ಬಗೆಯೂ ಒಂದು ಕಾರಣ ಎಂದು ಅವರು ದೂರಿದ್ದರು.

ಈಗ ನಮ್ಮ ಪದಕ್ಕೆ ಬರೋಣ. ಹಳೆಯ ಶಾಸನಗಳಲ್ಲಿ 'ಗುತ್ತಗೆ' ಬರುತ್ತದೆ. ಇಷ್ಟು ಹಣ ಅಥವಾ ಇಷ್ಟು ಕಾಳು ಎಂದು ನಿಗದಿ ಮಾಡಿ ಭೂಮಿಯನ್ನೋ ಸುಂಕವನ್ನೋ ಒಬ್ಬರಿಗೆ ವಹಿಸುವುದು ಅದರ ಅರ್ಥ. ತಮಿಳಿನ ಕುತ್ತಗೈ, ತೆಲುಗಿನ ಗುತ್ತ ಇದರ ನಂಟುಪದಗಳೇ. ಬೆಳೆಯಲ್ಲಿ ಪಾಲು ಹಂಚಿಕೊಳ್ಳುವುದಕ್ಕೆ 'ವಾರ', 'ಕೋರು' ಎಂಬ ಬೇರೆ ಪದಗಳಿದ್ದವು. ಅಂದರೆ ಗುತ್ತಿಗೆಯ ಜೀವ ಇರುವುದು ನಿಗದಿಯಲ್ಲಿ. ಇವತ್ತಿಗೂ ಹಳ್ಳಿಯಲ್ಲಿ ಕಳೆ ಕೀಳಿಸುವಾಗ, ಅಡಿಕೆ ಕೊಯ್ಲು ಮಾಡಿಸುವಾಗ ಕೇಳುವ ಮೊದಲ ಪ್ರಶ್ನೆ ಏನು? 'ಗುತ್ತಿಗೆ ಮಾತಾಡೋಣವೋ, ಆಳು ಲೆಕ್ಕವೋ?' ಗುತ್ತಿಗೆಯಾದರೆ ಇಡೀ ಹೊಲಕ್ಕೆ ಒಂದು ಮೊತ್ತ. ಒಂದು ದಿನ ಹಿಡಿದರೂ ಅಷ್ಟೇ, ನಾಲ್ಕು ದಿನ ಹಿಡಿದರೂ ಅಷ್ಟೇ. ಆಳು ಲೆಕ್ಕವಾದರೆ ಎಷ್ಟು ಆಳು ಎಷ್ಟು ದಿನ ಬಂದರೋ ಅಷ್ಟು ಕೂಲಿ. ಕೆಲಸ ಮುಗಿಯದಿದ್ದರೆ ಚಿಂತೆ ಹೊಲದವನದು.

ಹಾಗಾಗಿ ನನ್ನ ಸೂಚನೆ ಇದು. ನಿಗದಿ ಮೊತ್ತದ ಕರಾರಿಗೆ ಮಾತ್ರ 'ಗುತ್ತಿಗೆ' ಇಟ್ಟುಕೊಳ್ಳೋಣ. ಎಲ್ಲವನ್ನೂ ಒಟ್ಟಿಗೆ ಹೇಳಬೇಕಾದಾಗ 'ಕರಾರು' ಅನ್ನೋಣ. ಖರ್ಚು ಕೊಟ್ಟು ಮೇಲೆ ಲಾಭ ಕೊಡುವ ಬಗೆಗೆ 'ಖರ್ಚು-ಲೆಕ್ಕದ ಕರಾರು'. ಎಂಜಿನಿಯರುಗಳ ಗಂಟೆ, ದಿನ ಎಣಿಸಿ ಹಣ ಕೊಡುವ ಬಗೆಗೆ 'ಆಳು-ಲೆಕ್ಕದ ಕರಾರು'. ಎಂಜಿನಿಯರನ್ನು ಆಳು ಅನ್ನುವುದು ಸರಿಯೇ ಎಂದು ಕೆಲವರು ಕೇಳಬಹುದು. ನರೇಗಾ ಕಡತಗಳಲ್ಲಿ 'ಮಾನವ ದಿನ' ಎಂಬುದು ಬಳಕೆಯಲ್ಲಿದೆ, ನಿಜ. ಆದರೆ ಅದು ಕಡತದಿಂದ ಆಚೆ ಬಂದಿಲ್ಲ. ಆಳು ಲೆಕ್ಕ ಜನರ ಬಾಯಲ್ಲಿದೆ. ನನಗೆ ಅದರಲ್ಲಿ ಕೀಳು ಅನ್ನಿಸುವುದಿಲ್ಲ.

ಖರ್ಚು-ಲೆಕ್ಕದ ಕರಾರನ್ನು ವಿವರಿಸುವಾಗ ಒಂದು ತಪ್ಪು ಪದೇ ಪದೇ ಆಗುತ್ತಿದೆ. 'ಖರ್ಚಿನ ಮೇಲೆ ಶೇಕಡಾ ಇಷ್ಟು ಲಾಭ' ಎಂದು ಬರೆಯುತ್ತಾರೆ. ಇದು ಬರೀ ಪದದ ತಪ್ಪಲ್ಲ. ಅಮೆರಿಕದ ಸರ್ಕಾರಿ ಖರೀದಿ ಕಾನೂನಿನಲ್ಲಿ ಅಂಥ ಶೇಕಡಾವಾರು ಕರಾರಿಗೆ ನಿಷೇಧವೇ ಇದೆ. ಯಾಕೆಂದರೆ ಆಗ ಖರ್ಚು ಏರಿದಷ್ಟೂ ಕಂಪನಿಗೆ ಲಾಭ ಏರುತ್ತದೆ, ಅಲ್ವಾ? ಅಲ್ಲಿ ನಡೆಯುವುದು ಬೇರೆ. ಲಾಭದ ಮೊತ್ತವನ್ನು ಮೊದಲೇ ಇಷ್ಟು ಎಂದು ಗೊತ್ತು ಮಾಡುತ್ತಾರೆ. ಇಲ್ಲವೇ ಕೆಲಸ ನೋಡಿ, ಅಂಕ ಹಾಕಿ, ಆಮೇಲೆ ಕೊಡುತ್ತಾರೆ. ಈ ಲಾಭದ ಮೊತ್ತಕ್ಕೂ ನನಗೆ ಪದ ಬೇಕು. 'ಶುಲ್ಕ' ಅಂದರೆ ಪರೀಕ್ಷೆಗೆ ಕಟ್ಟುವ ಹಣದ ನೆನಪು ಬರುತ್ತದೆ. 'ಪ್ರತಿಫಲ' ಕರಾರು ಕಾನೂನಿನಲ್ಲಿ ಬೇರೆ ಅರ್ಥಕ್ಕೆ ಆಗಲೇ ನಿಂತುಬಿಟ್ಟಿದೆ. 'ಸಂಭಾವನೆ' ಕವಿಗೋಷ್ಠಿಗೆ ಸರಿ. 'ಮಜೂರಿ' ಹತ್ತಿರ ಬರುತ್ತದೆ, ಆದರೆ ಒಂದು ಕಂಪನಿಯ ಲಾಭವನ್ನು ಮಜೂರಿ ಅಂದರೆ ಓದುಗರು ಒಪ್ಪುತ್ತಾರೋ ಇಲ್ಲವೋ. ಸದ್ಯಕ್ಕೆ 'ಗೊತ್ತಾದ ಲಾಭ' ಎಂದು ಬರೆದಿದ್ದೇನೆ.

ಮುಂದಿನ ತೊಡಕು 'ಎಂಜಿನಿಯರಿಂಗ್ ಸಪೋರ್ಟ್'. ಅಲಬಾಮದ ಹಂಟ್ಸ್‌ವಿಲ್‌ನಲ್ಲಿರುವ ಮಾರ್ಷಲ್ ಕೇಂದ್ರ ನಾಸಾದ ರಾಕೆಟ್ ವಿನ್ಯಾಸದ ಮನೆ. ಮನುಷ್ಯರನ್ನು ಚಂದ್ರನತ್ತ ಒಯ್ದ ಸ್ಯಾಟರ್ನ್ 5 ರಾಕೆಟ್ ರೂಪುಗೊಂಡದ್ದು ಅಲ್ಲೇ. ಅಲ್ಲಿ ನಾಸಾ ನೌಕರರ ಪಕ್ಕದಲ್ಲೇ ಕೂತು ಕಂಪನಿಗಳ ಎಂಜಿನಿಯರುಗಳು ಕೆಲಸ ಮಾಡುತ್ತಾರೆ. ಲೆಕ್ಕಾಚಾರ, ಪರೀಕ್ಷೆ, ವಿನ್ಯಾಸದ ತಪಾಸಣೆ ಇಂಥವು. 2017ರಲ್ಲಿ ಜೇಕಬ್ಸ್ ಕಂಪನಿಗೆ ಇದೇ ರೀತಿಯ ಕರಾರು ಸಿಕ್ಕಿತು. ಖರ್ಚು ಮತ್ತು ಗೊತ್ತಾದ ಲಾಭ ಎಂಬ ಬಗೆಯದು. ಅವರು ಒಪ್ಪಿಸುವುದು ರಾಕೆಟ್ಟನ್ನಲ್ಲ, ತಮ್ಮ ಬಲ್ಲವರ ಹೊತ್ತನ್ನು. ಇದಕ್ಕೆ 'ಎಂಜಿನಿಯರಿಂಗ್ ಬೆಂಬಲ' ಅಂದರೆ ಪಕ್ಷೇತರ ಶಾಸಕರು ಸರ್ಕಾರಕ್ಕೆ ಬೆಂಬಲ ಕೊಟ್ಟ ಹಾಗೆ ಕೇಳುತ್ತದೆ. 'ನೆರವು' ಅಂದರೆ ಬಿಟ್ಟಿ ಕೊಟ್ಟಂತೆ. 'ಒತ್ತಾಸೆ' ಒಳ್ಳೆಯ ಪದ, ಪಕ್ಕದಲ್ಲಿ ನಿಂತು ಹೆಗಲು ಕೊಡುವ ಅರ್ಥ ಅದರಲ್ಲಿದೆ. 'ಎಂಜಿನಿಯರಿಂಗ್ ಒತ್ತಾಸೆ' ನಿಮಗೆ ಹಿಡಿಸುತ್ತದೆಯೇ? ನನ್ನ ಕಿವಿಗೆ ಹಿತವಾಗಿದೆ.

ಅದೇ ಕರಾರಿನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅದರ ಮೊತ್ತ ಸುಮಾರು 110 ಕೋಟಿ ಡಾಲರ್ ಎಂದು ಸುದ್ದಿಯಾಯಿತು. ಅದು ಕೊಟ್ಟ ಹಣವಲ್ಲ, ದಾಟಬಾರದ ಗೆರೆ. ಕೆಲಸ ಬಂದಂತೆಲ್ಲ ಒಂದೊಂದು ಆದೇಶ ಹೊರಡಿಸುತ್ತಾರೆ, ಅದಕ್ಕೆ ತಕ್ಕಷ್ಟೇ ಹಣ. ಬಿಡಿ ಆದೇಶಕ್ಕೆ ನಮ್ಮ ಲೋಕೋಪಯೋಗಿ ಇಲಾಖೆಯ 'ಕಾರ್ಯಾದೇಶ' ಸರಿಯಾಗಿ ಕೂರುತ್ತದೆ. ಮೇಲಿನ ಮೊತ್ತಕ್ಕೆ 'ಮಿತಿ ಮೊತ್ತ' ಅನ್ನಬಹುದು. 'ನೂರಹತ್ತು ಕೋಟಿ ಡಾಲರ್ ಪಡೆದ ಕಂಪನಿ' ಎಂಬ ತಲೆಬರಹ ಮಾತ್ರ ಬೇಡ.

'ಬಿಡ್' ಎಂಬುದಕ್ಕೆ ಹರಾಜಿನ 'ಸವಾಲು' ಎಂದು ಯಾರೋ ಸೂಚಿಸಿದ್ದರು. ಹರಾಜಿನಲ್ಲಿ ಹೆಚ್ಚು ಕೂಗಿದವನಿಗೆ ಮಾಲು, ಇಲ್ಲಿ ಸಾಮಾನ್ಯವಾಗಿ ಕಡಿಮೆ ಹೇಳಿದವನಿಗೆ ಕೆಲಸ. ಹೊಂದುವುದಿಲ್ಲ. ಟೆಂಡರ್ ಅಂತೂ ಕನ್ನಡವೇ ಆಗಿಹೋಗಿದೆ, ಬದಲಿಸುವುದು ಬೇಡ. ಕಂಪನಿ ತನ್ನ ಕೆಲಸದ ಒಂದು ಪಾಲನ್ನು ಇನ್ನೊಂದು ಕಂಪನಿಗೆ ಕೊಡುವುದಕ್ಕೆ 'ಒಳಗುತ್ತಿಗೆ' ಬೇಡ ಅನ್ನುವವನು ನಾನು. 'ಒಳ ಒಪ್ಪಂದ' ಎಂಬ ಕೆಟ್ಟ ಅರ್ಥ ಅದಕ್ಕೂ ಅಂಟಿಕೊಳ್ಳುತ್ತದೆ. 'ಉಪಗುತ್ತಿಗೆ' ಸಾಕು.

ಇದು ಅಮೆರಿಕಕ್ಕೆ ಮಾತ್ರ ಸೇರಿದ ವಿಷಯವಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಇಸ್ರೊ ಕೆಲಸಗಳ ವ್ಯಾಪಾರ ನೋಡಿಕೊಳ್ಳುವ, ಬೆಂಗಳೂರಿನ ನ್ಯೂ ಸ್ಪೇಸ್ ಇಂಡಿಯಾ ಸಂಸ್ಥೆ ಐದು ಪಿಎಸ್‌ಎಲ್‌ವಿ ರಾಕೆಟ್‌ಗಳನ್ನು ಕಟ್ಟಲು ಎಚ್‌ಎಎಲ್ ಮತ್ತು ಎಲ್ ಅಂಡ್ ಟಿ ಜೋಡಿಗೆ ಸುಮಾರು 860 ಕೋಟಿ ರೂಪಾಯಿಯ ಕೆಲಸ ವಹಿಸಿತು. ಇಲ್ಲಿ ಒಪ್ಪಿಸಬೇಕಾದದ್ದು ಐದು ರಾಕೆಟ್. ಇದಕ್ಕಿಂತ ತುಂಬಾ ಹಿಂದೆ, 1974ರಲ್ಲಿ, ಇಸ್ರೊ ಫ್ರಾನ್ಸಿನ ಎಸ್‌ಇಪಿ ಕಂಪನಿಯ ಜೊತೆ ಮಾಡಿಕೊಂಡ ಒಪ್ಪಂದವಂತೂ ನನ್ನನ್ನು ಬಿಡದೆ ಕಾಡಿದೆ. ಅವರ ವೈಕಿಂಗ್ ಎಂಬ ರಾಕೆಟ್ ಎಂಜಿನ್ನಿನ ವಿದ್ಯೆ ನಮಗೆ ಬಂತು. ಅದಕ್ಕೆ ಬದಲಾಗಿ ಕೊಟ್ಟದ್ದರಲ್ಲಿ ಮುಖ್ಯವಾದದ್ದು ನಮ್ಮ ಎಂಜಿನಿಯರುಗಳ ದುಡಿಮೆ. ಇಸ್ರೊ ವಿಜ್ಞಾನಿ ನಂಬಿ ನಾರಾಯಣನ್ ಅವರ ತಂಡ ಫ್ರಾನ್ಸಿಗೆ ಹೋಗಿ ದುಡಿಯಿತು. ಆ ವಿದ್ಯೆಯಿಂದಲೇ ವಿಕಾಸ್ ಎಂಜಿನ್ ಹುಟ್ಟಿತು, ಇಂದಿಗೂ ಪಿಎಸ್‌ಎಲ್‌ವಿಯ ಎರಡನೇ ಹಂತವನ್ನು ಉರಿಸುವುದು ಅದೇ. ಆ ದುಡಿಮೆಯ ಅಳತೆ ನೂರು 'ಮ್ಯಾನ್ ಇಯರ್'. ಒಬ್ಬರು ನೂರು ವರ್ಷ ಅಲ್ಲ, ನೂರು ಜನ ಒಂದು ವರ್ಷ ದುಡಿದಷ್ಟು. 'ನೂರು ಆಳು-ವರ್ಷ' ಎಂದು ಬರೆದರೆ ಮೊದಲ ಓದಿಗೇ ತಿಳಿಯುತ್ತದೆ ಎಂದು ನನ್ನ ನಂಬಿಕೆ. 'ಮಾನವ-ವರ್ಷ' ಅಂದರೆ ದೇವಮಾನ, ಮನುಷ್ಯಮಾನದ ಪಂಚಾಂಗ ಲೆಕ್ಕ ಅಂದುಕೊಳ್ಳುವ ಅಪಾಯವಿದೆ.

ಎಚ್‌ಎಎಲ್‌ನಲ್ಲಿ, ಪೀಣ್ಯದ ವರ್ಕ್‌ಶಾಪುಗಳಲ್ಲಿ, ಲೋಕೋಪಯೋಗಿ ಇಲಾಖೆಯಲ್ಲಿ ಕೆಲಸ ಮಾಡಿದವರು ಈ ಬಳಗದಲ್ಲಿದ್ದೀರಿ. ನೀವು ಬಾಯಿಮಾತಿನಲ್ಲಿ ಏನನ್ನುತ್ತಿದ್ದಿರಿ ಎಂದು ತಿಳಿಸಿ. ಖರ್ಚು ಪೂರ್ತಿ ಕೊಟ್ಟು ಲಾಭ ಸೇರಿಸುವ ಕೆಲಸಕ್ಕೆ ನಿಮ್ಮಲ್ಲಿ ಬೇರೆ ಹೆಸರಿತ್ತೇ? ಕಲ್ಯಾಣ ಕರ್ನಾಟಕದ, ಕರಾವಳಿಯ ಕಡೆಯವರು 'ಆಳು ಲೆಕ್ಕ'ಕ್ಕೆ ಏನನ್ನುತ್ತೀರಿ ಎಂಬುದೂ ಬೇಕು. ನಿಘಂಟಿನ ಪದಕ್ಕಿಂತ ನಿಮ್ಮ ಕಡೆಯ ಮಾತೇ ನನಗೆ ಹೆಚ್ಚು ಉಪಯೋಗ.