ಡಿಎಸ್ ಲೈಟ್‌ನಲ್ಲಿ ಲ್ಯಾಪ್‌ಟಾಪ್ ಹಾಟ್‌ಸ್ಪಾಟ್ ಕಾಣುತ್ತದೆ, ಆದರೆ ಕನೆಕ್ಟ್ ಆಗುವುದಿಲ್ಲ

ಪ್ರಶ್ನೆ
ಕೈಯಲ್ಲಿ ಹಿಡಿದು ಆಡುವ ಗೇಮ್ ಸಾಧನ ನಿಂಟೆಂಡೊ ಡಿಎಸ್ ಲೈಟ್‌ಗೆ ಇಂಟರ್ನೆಟ್ ಕೊಡಬೇಕು ಅಂತ ವಿಂಡೋಸ್ 10 ಲ್ಯಾಪ್‌ಟಾಪ್‌ನಲ್ಲಿ ಮೊಬೈಲ್ ಹಾಟ್‌ಸ್ಪಾಟ್ ಆನ್ ಮಾಡಿದ್ದೇನೆ. ಬ್ಯಾಂಡ್ 2.4 ಗಿಗಾಹರ್ಟ್ಜ್‌ನಲ್ಲೇ ಇದೆ. ಡಿಎಸ್‌ನಲ್ಲಿ ಹುಡುಕಿದರೆ ಹೆಸರು ಬರುತ್ತದೆ, ಸಿಗ್ನಲ್ಲೂ ಚೆನ್ನಾಗಿದೆ. ಆದರೆ ಪಕ್ಕದಲ್ಲಿ ಬೂದು ಬಣ್ಣದ ಬೀಗ. ಮುಂದಕ್ಕೇ ಹೋಗುವುದಿಲ್ಲ. ಪಾಸ್‌ವರ್ಡ್ ಬದಲಿಸಿದರೂ ಅಷ್ಟೇ. ಫೋನ್ ಮಾತ್ರ ಸಲೀಸಾಗಿ ಸೇರುತ್ತದೆ. ಡಿಎಸ್‌ನ ವೈಫೈ ಕೆಟ್ಟಿರಬಹುದಾ?

ಉತ್ತರ
ಕೆಟ್ಟಿಲ್ಲ, ಹೆಸರು ಕಾಣುತ್ತಿದೆ ಅಲ್ವಾ? ತೊಂದರೆ ಇರುವುದು ಆ ಬೂದು ಬೀಗದಲ್ಲಿ. ಈ ನೆಟ್‌ವರ್ಕಿನ ಭದ್ರತೆ ತನಗೆ ಅರ್ಥವಾಗುವುದಿಲ್ಲ ಅಂತ ಡಿಎಸ್ ತೋರಿಸುವುದೇ ಹಾಗೆ. ಡಿಎಸ್ ಲೈಟ್ ಬಂದದ್ದು 2006ರಲ್ಲಿ. ಅದಕ್ಕೆ ಗೊತ್ತಿರುವುದು ಎರಡೇ: ವೆಪ್ ಎನ್ನುವ ಹಳೆಯ ವೈಫೈ ಭದ್ರತೆ, ಇಲ್ಲವೇ ಪಾಸ್‌ವರ್ಡೇ ಇಲ್ಲದ ನೆಟ್‌ವರ್ಕ್. ವಿಂಡೋಸ್ 10 ಹಾಟ್‌ಸ್ಪಾಟ್ ಕೊಡುವುದು ಡಬ್ಲ್ಯೂಪಿಎ2 ಎನ್ನುವ ಹೊಸ ಬಗೆಯ ಭದ್ರತೆ. ಅದನ್ನು ತೆಗೆಯುವ ಆಯ್ಕೆ ಸೆಟ್ಟಿಂಗ್ಸ್‌ನಲ್ಲಿ ಇಲ್ಲ. ಹಾಗಾಗಿ ಪಾಸ್‌ವರ್ಡ್ ಬದಲಿಸುತ್ತಾ ಕೂತರೆ ಸುಮ್ನೆ ಟೈಮ್ ಹಾಳು.

ವಿಂಡೋಸ್ ಬದಲು ಲಿನಕ್ಸ್ ಬಳಸಿದರೆ ಪಾಸ್‌ವರ್ಡ್ ಇಲ್ಲದ ಹಾಟ್‌ಸ್ಪಾಟ್ ಮಾಡುವುದು ಸುಲಭ. ಇನ್‌ಸ್ಟಾಲ್ ಮಾಡಬೇಕಿಲ್ಲ, ಪೆನ್‌ಡ್ರೈವ್‌ನಿಂದ ಉಬುಂಟು (ಒಂದು ಬಗೆಯ ಲಿನಕ್ಸ್) ಬೂಟ್ ಮಾಡಿದರೂ ಸಾಕು. ಲ್ಯಾಪ್‌ಟಾಪ್‌ಗೆ ಇಂಟರ್ನೆಟ್ ಅನ್ನು ಲ್ಯಾನ್ ಕೇಬಲ್‌ನಿಂದ ಕೊಡಿ, ಆಗ ವೈಫೈ ಕಾರ್ಡ್ ಪೂರ್ತಿ ಹಾಟ್‌ಸ್ಪಾಟ್‌ಗೆ ಸಿಗುತ್ತದೆ. ಉಬುಂಟುವಿನಲ್ಲೇ ಇರುವ ನೆಟ್‌ವರ್ಕ್ ಮ್ಯಾನೇಜರ್‌ನ ಕನೆಕ್ಷನ್ ಎಡಿಟರ್‌ನಲ್ಲಿ ಹೊಸ ವೈಫೈ ಕನೆಕ್ಷನ್ ಮಾಡಿ, ಮೋಡ್ 'ಹಾಟ್‌ಸ್ಪಾಟ್', ಬ್ಯಾಂಡ್ 'ಬಿ/ಜಿ', ಸೆಕ್ಯುರಿಟಿ 'ನನ್' ಅಂತ ಇಡಿ. ಐಪಿವಿ4 ಟ್ಯಾಬ್‌ನಲ್ಲಿ 'ಶೇರ್ಡ್ ಟು ಅದರ್ ಕಂಪ್ಯೂಟರ್ಸ್' ಆರಿಸುವುದನ್ನು ಮರೆಯಬೇಡಿ. ಅದಿಲ್ಲದಿದ್ದರೆ ಡಿಎಸ್‌ಗೆ ಐಪಿ ವಿಳಾಸವೇ ಸಿಗುವುದಿಲ್ಲ.

ವೆಪ್ ಇಟ್ಟರೆ ಸ್ವಲ್ಪ ಸೇಫ್ ಅಲ್ವಾ ಅನಿಸಬಹುದು. ಅದನ್ನು ನಿಮಿಷಗಳಲ್ಲಿ ಮುರಿಯಬಹುದು, ಹೊಸ ಸಾಫ್ಟ್‌ವೇರ್‌ಗಳೂ ಅದನ್ನು ಕೈಬಿಡುತ್ತಿವೆ. ನನ್ನ ಮಟ್ಟಿಗೆ, ಆಡುವಷ್ಟು ಹೊತ್ತು ಮಾತ್ರ ಓಪನ್ ಇಟ್ಟು ಆಮೇಲೆ ಆಫ್ ಮಾಡುವುದೇ ಒಳ್ಳೆಯದು. ಮನೆಯ ಮುಖ್ಯ ರೂಟರ್‌ನ ಭದ್ರತೆಯನ್ನಂತೂ ಇದಕ್ಕಾಗಿ ಇಳಿಸಲೇಬೇಡಿ. ಬೇರೆಲ್ಲ ಸಾಧನಗಳೂ ಅದರ ಮೇಲೆಯೇ ಇರುತ್ತವೆ.

ಇನ್ನೊಬ್ಬರ ಪ್ರಶ್ನೆ
ನನ್ನದು ಸೋನಿಯ ಗೇಮ್ ಸಾಧನ ಪಿಎಸ್‌ಪಿ. ಅದಕ್ಕೂ ಇದೇನಾ?

ಉತ್ತರ
ಪಿಎಸ್‌ಪಿಗೆ ಡಬ್ಲ್ಯೂಪಿಎ2ಗಿಂತ ಹಿಂದಿನ ಡಬ್ಲ್ಯೂಪಿಎ ಬರುತ್ತದೆ, ಡಬ್ಲ್ಯೂಪಿಎ2 ಬರುವುದಿಲ್ಲ. ಡಿಎಸ್‌ನಂತೆ ಅದೂ 802.11ಬಿ ಎನ್ನುವ ಹಳೆಯ ವೈಫೈ ಬಗೆಯ ಸಾಧನವೇ. ಹಾಟ್‌ಸ್ಪಾಟ್ ಅದಕ್ಕಿಂತ ಹೊಸದಾದ 'ಎನ್' ಮಾತ್ರ ಅಂತ ಇದ್ದರೆ ಪಿಎಸ್‌ಪಿ, ಡಿಎಸ್ ಎರಡೂ ಸೇರುವುದಿಲ್ಲ. ಪಿಎಸ್‌ಪಿಯ ವೈಫೈ ಸ್ವಿಚ್ ಆನ್ ಇದೆಯಾ ಅಂತಲೂ ನೋಡಿ. ಡಿಎಸ್‌ನ ನಂತರದ ಮಾದರಿಯಾದ ಡಿಎಸ್‌ಐ ಇರುವವರಿಗೆ ಒಂದು ಮಾತು: ಅದರ ಅಡ್ವಾನ್ಸ್ಡ್ ಕನೆಕ್ಷನ್‌ಗಳಲ್ಲಿ ಡಬ್ಲ್ಯೂಪಿಎ2 ಇದೆ. ಆದರೆ ಹಳೆಯ ಡಿಎಸ್ ಗೇಮ್‌ಗಳು ಅದನ್ನು ಬಳಸುವುದಿಲ್ಲ.

ಪ್ರಶ್ನೆ ಕೇಳಿದವರು
ಉಬುಂಟುವಿನಲ್ಲಿ ಮಾಡಿದೆ, ಕನೆಕ್ಷನ್ ಟೆಸ್ಟ್ ಪಾಸ್ ಆಯಿತು, ತುಂಬಾ ಥ್ಯಾಂಕ್ಸ್! ಆದರೆ ಗೇಮ್‌ನೊಳಗೆ ಆನ್‌ಲೈನ್ ಹೋದರೆ ಎರರ್ ಬರುತ್ತಿದೆ.

ಉತ್ತರ
ಅದು ಹಾಟ್‌ಸ್ಪಾಟ್ ತೊಂದರೆ ಅಲ್ಲ. ನಿಂಟೆಂಡೊ ತನ್ನ ಡಿಎಸ್ ಆನ್‌ಲೈನ್ ಸೇವೆಯನ್ನು 2014ರ ಮೇ 20ರಂದೇ ನಿಲ್ಲಿಸಿದೆ. ಅಭಿಮಾನಿಗಳು ನಡೆಸುವ ಬದಲಿ ಸರ್ವರ್‌ಗಳಿವೆ. ಡಿಎಸ್‌ನ ಅದೇ ಕನೆಕ್ಷನ್ ಸೆಟ್ಟಿಂಗ್‌ನಲ್ಲಿ 'ಆಟೊ ಡಿಎನ್‌ಎಸ್' ಅನ್ನು 'ನೋ' ಮಾಡಿ, ಆ ಸರ್ವರ್‌ನವರು ಕೊಟ್ಟಿರುವ ಡಿಎನ್‌ಎಸ್ ವಿಳಾಸ (ಗೇಮ್ ಯಾವ ಸರ್ವರ್‌ಗೆ ಹೋಗಬೇಕು ಅಂತ ಹೇಳುವುದು ಇದೇ) ಹಾಕಿ. ನಿಮ್ಮ ಗೇಮ್ ಅವರ ಪಟ್ಟಿಯಲ್ಲಿ ಇದೆಯಾ ಅಂತ ಮೊದಲು ನೋಡಿಕೊಳ್ಳಿ.