ಪದಚರ್ಚೆ: ‘ನೋ ಕ್ಲೇಮ್ ಬೋನಸ್’ – ವರ್ಗಾಯಿಸುವುದೋ, ಹಚ್ಚುವುದೋ?

ಗೆಳೆಯರೇ,

ಕಾರಿನ ವಿಮೆಯಲ್ಲಿ ‘ನೋ ಕ್ಲೇಮ್ ಬೋನಸ್’ ಅಂತ ಬರುತ್ತದಲ್ಲ, ವರ್ಷವಿಡೀ ಕ್ಲೇಮ್ ಹಾಕದೆ, ಅಂದರೆ ಕಂಪನಿಯಿಂದ ನಷ್ಟದ ಹಣ ಕೇಳದೆ ಇದ್ದವರಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಅದನ್ನು ನೀವು ಕನ್ನಡದಲ್ಲಿ ಹೇಗೆ ಹೇಳುತ್ತೀರಿ? ಕಾರು ಬದಲಿಸಿದಾಗ ಅದಕ್ಕೆ ಏನಾಗುತ್ತದೆ ಅಂತ ಹೇಳಲು ಯಾವ ಕ್ರಿಯಾಪದ ಬಳಸುತ್ತೀರಿ? ನನಗೆ ಜಾಸ್ತಿ ಬೇಕಾಗಿರುವುದು ಈ ಎರಡನೆಯದು.

ಧಾರವಾಡದಲ್ಲಿ ಓಡಿಸುತ್ತಿದ್ದ ನನ್ನ ಹಳೆಯ ಕಾರನ್ನು ಗದಗ-ಬೆಟಗೇರಿಯ ಪರಿಚಯದವರೊಬ್ಬರಿಗೆ ಮಾರಿದೆ. ಮಾತಾಡುವಾಗ ‘ಇನ್ಶೂರೆನ್ಸ್ ನಿಮ್ಮ ಹೆಸರಿಗೆ ವರ್ಗ ಮಾಡಿಸೋಣ, ಅದರಲ್ಲಿ 50 ಪರ್ಸೆಂಟ್ ಬೋನಸ್ ಇದೆ’ ಅಂದಿದ್ದೆ. ಬೋನಸ್ಸೂ ತಮಗೇ ಬರುತ್ತದೆ ಅಂತ ಅವರು ತಿಳಿದರು. ಅವರು ಪಾಲಿಸಿ ಹೆಸರು ಬದಲಿಸಲು ಹೋದಾಗ ಆ ರಿಯಾಯಿತಿಯ ಉಳಿದ ಅವಧಿಯ ಹಣವನ್ನು ತುಂಬಿ ಅಂತ ವಿಮಾ ಕಂಪನಿಯವರು ಅಂದರು. ‘ಬೋನಸ್ ಗಾಡೀದಲ್ಲೇನ್ರೀ?’ ಅಂತ ಫೋನಿನಲ್ಲಿ ಕೇಳಿದಾಗ ನನಗೆ ನಿಜಕ್ಕೂ ಕೆಟ್ಟದೆನಿಸಿತು. ಅವರ ತಪ್ಪಿರಲಿಲ್ಲ. ‘ವರ್ಗ’ ಅನ್ನುವ ಮಾತು ಹಾಗೇ ಕೇಳಿಸುತ್ತದೆ.

ಬೋನಸ್ಸು ಗಾಡಿಯದಲ್ಲ, ಮಾಲೀಕನದು. ಕ್ಲೇಮ್ ಹಾಕದೆ ಒಂದು ವರ್ಷ ಕಳೆದರೆ 20 ಪರ್ಸೆಂಟ್, ಎರಡಾದರೆ 25, ಮೂರಕ್ಕೆ 35, ನಾಲ್ಕಕ್ಕೆ 45, ಐದಕ್ಕೆ 50. ಅದೂ ನಮ್ಮ ಗಾಡಿಗೆ ಆಗುವ ಹಾನಿಯ ಭಾಗದ ಪ್ರೀಮಿಯಂನಲ್ಲಿ ಮಾತ್ರ. ಆ ಭಾಗ 8,000 ರೂಪಾಯಿ ಇದ್ದರೆ 4,000 ಉಳಿಯುತ್ತದೆ. ಥರ್ಡ್ ಪಾರ್ಟಿ, ಅಂದರೆ ನಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ಹಾನಿಯ ಭಾಗದ ಹಣ ಒಂದು ಪೈಸೆಯೂ ಇಳಿಯುವುದಿಲ್ಲ. ಕಾರು ಮಾರಿದ ಮೇಲೆ ನಮ್ಮ ಬೋನಸ್ ಇಷ್ಟಿದೆ ಅಂತ ಕಂಪನಿಯಿಂದ ಒಂದು ಪತ್ರ ಪಡೆದಿಟ್ಟುಕೊಂಡರೆ 3 ವರ್ಷದೊಳಗೆ ಹೊಸ ಕಾರಿಗೆ ಅದೇ ರಿಯಾಯಿತಿ ಸಿಗುತ್ತದೆ. ಕಂಪನಿ ಬದಲಾದರೂ ನಡೆಯುತ್ತದೆ. ಆದರೆ ಬೈಕಿನದನ್ನು ಕಾರಿಗೆ ತರಲು ಬರುವುದಿಲ್ಲ.

ಈಗ ಪದಗಳಿಗೆ ಬರುತ್ತೇನೆ. ‘ಬೋನಸ್’ ಅಂದರೆ ನಮ್ಮ ಕಡೆ ದೀಪಾವಳಿಗೆ ಕೈಗೆ ಬರುವ ಹಣ. ಇಲ್ಲಿ ಕೈಗೆ ಏನೂ ಬರುವುದಿಲ್ಲ, ಕೊಡುವುದು ಕಡಿಮೆಯಾಗುತ್ತದೆ ಅಷ್ಟೇ. ಇದಕ್ಕೆ ನಮ್ಮಲ್ಲಿ ‘ಸೋಡಿ’ ಇದೆ ಅಲ್ವಾ? ಶಾಲೆಯ ಗಣಿತದಲ್ಲಿ ನಮೂದಿತ ಬೆಲೆ, ಸೋಡಿ ಅಂತ ಲೆಕ್ಕ ಬಿಡಿಸಿದ್ದೇವೆ. ವಾಣಿಜ್ಯದ ಪುಸ್ತಕಗಳಲ್ಲಿ ‘ನಗದು ಸೋಡಿ’, ‘ವ್ಯಾಪಾರಿ ಸೋಡಿ’ ಇವೆ. ಮರಾಠಿಯಲ್ಲಿ ‘ಸೋಡಣೆ’ ಅಂದರೆ ಬಿಡುವುದು. ಗಂಡ ಹೆಂಡತಿ ಬೇರೆಯಾಗುವ ‘ಸೋಡಚೀಟಿ’ಯೂ ಅದೇ ಬೇರಿನದು. ‘ಸೋಡಿ’ಯೂ ಅಲ್ಲಿಂದಲೇ ಬಂದಿತೇ, ತಿಳಿದವರು ಹೇಳಿ. ‘ರಿಯಾಯಿತಿ’ಗಿಂತ ಇದು ಚಿಕ್ಕದು, ಬಾಯಿಗೂ ಹಗುರ.

‘ಕ್ಲೇಮ್’ ಅನ್ನು ಮುಟ್ಟಲು ನನಗೆ ಮನಸ್ಸಿಲ್ಲ. ‘ಹಕ್ಕು ಕೇಳಿಕೆ’ ಅಂದರೆ ಹೊಲದ ತಂಟೆ ನೆನಪಾಗುತ್ತದೆ. ಹುಬ್ಬಳ್ಳಿಯ ಗ್ಯಾರೇಜಿನಲ್ಲಿ ಎಲ್ಲರೂ ‘ಕ್ಲೇಮ್ ಹಾಕು’ ಅಂತಲೇ ಅನ್ನುತ್ತಾರೆ. ಹಾಗೇ ಇರಲಿ.

ಇನ್ನೊಂದು ತೊಡಕೂ ಇದೆ. ಮೈಸೂರು ಕಡೆಯವರು ಪ್ರೀಮಿಯಂ ‘ಕಟ್ಟುತ್ತಾರೆ’, ನಾವು ‘ತುಂಬುತ್ತೇವೆ’. ಕರೆಂಟ್ ಬಿಲ್ಲನ್ನೂ ಫೀಯನ್ನೂ ತುಂಬುವ ಹಾಗೆ. ಆದರೆ ಅಪಘಾತವಾದಾಗ ಕಂಪನಿ ನಷ್ಟ ‘ತುಂಬಿಕೊಡುತ್ತದೆ’. ಒಂದೇ ಕ್ರಿಯಾಪದ, ಹಣ ಹೋಗುವ ದಿಕ್ಕು ಮಾತ್ರ ಉಲ್ಟಾ. ‘ಕೊಡು’ ಸೇರಿದಾಗಲೇ ವ್ಯತ್ಯಾಸ ಗೊತ್ತಾಗುವುದು. ಇದು ನನಗೆ ತುಂಬಾ ಇಷ್ಟವಾಯಿತು.

ಹಾಗಾದರೆ ಬೋನಸ್ಸಿಗೆ ಯಾವ ಕ್ರಿಯಾಪದ? ‘ವರ್ಗಾಯಿಸು’ ಅಂದರೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಅನ್ನಿಸುತ್ತದೆ. ಪಾಲಿಸಿಗೆ ಅದು ಸರಿ. ಗಾಡಿಯ ಜೊತೆ ಪಾಲಿಸಿ ಹೋಗುತ್ತದೆ, ಕೊಂಡವರು 14 ದಿನದೊಳಗೆ ಹೆಸರು ಬದಲಾವಣೆಗೆ ಅರ್ಜಿ ಕೊಡಬೇಕು. ಸೋಡಿ ಮಾತ್ರ ಹೋಗುವುದಿಲ್ಲ. ಮಾಲೀಕ ತೀರಿಕೊಂಡು ಗಾಡಿ ಹೆಂಡತಿ ಮಕ್ಕಳಿಗೆ ಬಂದರೆ ಅದು ಬೇರೆ ಮಾತು, ಆಗ ಸೋಡಿಯೂ ಅವರಿಗೆ ದಾಟಬಹುದು.

ನನಗೆ ಹೊಳೆದದ್ದು ನಮ್ಮ ಕಡೆಯ ‘ಹಚ್ಚು’, ಇಲ್ಲಿ ಸೇರಿಸು, ಜೋಡಿಸು ಅನ್ನುವ ಅರ್ಥದಲ್ಲಿ. ದೀಪ ಹಚ್ಚುತ್ತೇವೆ, ಮಗುವನ್ನು ಸಾಲಿಗೆ (ಶಾಲೆಗೆ) ಹಚ್ಚುತ್ತೇವೆ, ಫೋನ್ ಹಚ್ಚುತ್ತೇವೆ. ‘ಹಳೇ ಗಾಡಿ ಕೊಟ್ಟೆ, ಸೋಡಿ ಉಳಿಸಿಕೊಂಡೆ, ಹೊಸ ಗಾಡಿಗೆ ಹಚ್ಚಿದೆ’ ಅಂದಿದ್ದರೆ ಬೆಟಗೇರಿಯವರಿಗೆ ಅರ್ಥವಾಗುತ್ತಿತ್ತು ಅಂತ ನನ್ನ ನಂಬಿಕೆ. ಮಂಡ್ಯ, ಮಂಗಳೂರು ಕಡೆಯವರಿಗೆ ಈ ವಾಕ್ಯ ಹೇಗೆ ಕೇಳಿಸುತ್ತದೆ? ಅಲ್ಲಿ ‘ಹಚ್ಚು’ ಅಂದರೆ ತರಕಾರಿ ಹೆಚ್ಚುವುದು ನೆನಪಾಗುತ್ತದೆಯೇ? ಹಾಗಿದ್ದರೆ ನೀವು ಏನನ್ನುತ್ತೀರಿ? ಕಂಪನಿ ಕೊಡುವ ಆ ಪತ್ರವನ್ನು ‘ಸೋಡಿ ಪತ್ರ’ ಅಂದರೆ ಸಾಕೇ? ‘ಸೋಡಚೀಟಿ’ಯ ಜೊತೆ ಅದು ಕಲಸಿಹೋಗುತ್ತದೆಯೇ ಅನ್ನುವ ಒಂದು ಅನುಮಾನ ನನಗಿದೆ.